ಬಾರ್‌ಕ್ಯಾಂಪ್ ಮತ್ತು ಮುಂಬಯಿಯ ಅನೌಪಚಾರಿಕ ತಂತ್ರಜ್ಞ ಸಮಾವೇಶಗಳು

ಬಾರ್‌ಕ್ಯಾಂಪ್: ಗಣಕ, ಅಂತರಜಾಲ ಮತ್ತು ತತ್ಸಂಬಂಧವಾದ ವಿದ್ಯೆಗಳಲ್ಲಿ ಆಸಕ್ತರಾದವರು, ಅಧ್ಯಕ್ಷರನ್ನಾಗಲಿ ಆಹ್ವಾನಿತ ಭಾಷಣಕಾರರನ್ನಾಗಲಿ ಮುಂಚಿತವಾಗಿ ಅಚ್ಚಾದ ಕಾರ್ಯಕ್ರಮ ಪತ್ರಿಕೆಯನ್ನಾಗಲಿ ಅವಲಂಬಿಸದೆ, ಒಂದೆರಡು ದಿನಗಳ ಮಟ್ಟಿಗೆ ಒಂದೆಡೆ ಕೂಡಿ, ಕೂಡಿದ ಬೆಳಗ್ಗೆಯೇ ಗೋಷ್ಠಿಗಳ ವಿಷಯವನ್ನೂ ವೇಳೆಯನ್ನೂ ತಮ್ಮತಮ್ಮಲ್ಲಿಯೇ ಗೊತ್ತುಮಾಡಿಕೊಂಡು ನಡೆಯಿಸುವ ಸಮಾವೇಶ. 2005ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ ಹುಟ್ಟಿದ ಈ ಪದ್ಧತಿ ಮರುವರ್ಷವೇ ಭಾರತಕ್ಕೆ ಬಂದು, ದೆಹಲಿ, ಚೆನ್ನೈ, ಬೆಂಗಳೂರುಗಳ ಬೆನ್ನಿಗೇ ಮುಂಬಯಿಯಲ್ಲಿಯೂ ನೆಲೆ ಹುಡುಕಿತು. ಅದೇ ಹೆಸರಿನವು ಮಾತ್ರವಲ್ಲದೆ, ಅದಕ್ಕೆ ಮುಂಚಿನಿಂದ ನಡೆದುಬಂದ ಲಿನಕ್ಸ್ ಬಳಕೆದಾರರ ಕೂಟಗಳು, ಅದರಿಂದ ಕವಲೊಡೆದ ವಿಶೇಷ ವಿಷಯದ ಮೇಳಗಳು ಇವೆಲ್ಲವೂ ಒಂದೇ ಕುಲಕ್ಕೆ ಸೇರಿದುವಾದ್ದರಿಂದ ಇಲ್ಲಿ ಒಟ್ಟಿಗೆ ವಿಚಾರಿಸಲಾಗಿದೆ.

ಇಂತಹ ಸಮಾವೇಶಗಳಲ್ಲಿ ನಿಯಮವೇ ಇಲ್ಲವೆಂದು ಹೊರಗಿನವರು ಭಾವಿಸುವುದುಂಟು. ಸಾಮಾನ್ಯ ಸಮ್ಮೇಳನವೊಂದರಲ್ಲಿ ಸಮಿತಿಯವರು ತಿಂಗಳುಗಟ್ಟಲೆ ಕುಳಿತು ಮಾಡುವ ಆಯ್ಕೆಯ ಕಾರ್ಯವನ್ನು ಇಲ್ಲಿ ಸಭಿಕರೇ ಬೆಳಗಿನ ಒಂದು ತಾಸಿನೊಳಗೆ ಮುಗಿಸಿಬಿಡುತ್ತಾರೆಂಬುದು ನಿಜ. ಆದರೆ ಸಮಿತಿಗೆ ಸೇರಿದ ಇನ್ನುಳಿದ ಕಾರ್ಯ, ಎಂದರೆ ಕೊಠಡಿಯನ್ನು ಬೇಡಿ ಪಡೆಯುವುದು, ವಿದ್ಯುತ್ತಿನ ಮತ್ತು ವೈಫೈಯ ಏರ್ಪಾಡು, ಕಾವಲುಗಾರನ ಸಮ್ಮತಿ, ಕುಡಿಯುವ ನೀರು, ಸಂಜೆ ಬೀಗ ಹಾಕಿ ಕೀಲಿಕೈ ಹಿಂತಿರುಗಿಸುವುದು, ಇದು ಯಾರಾದರೂ ಕೆಲವರ ಹೆಗಲ ಮೇಲೆ ಎಂದಿನಂತೆಯೇ ಬೀಳುತ್ತದೆ. ಚದರಡಿಯ ಲೆಕ್ಕದಲ್ಲಿ ಬದುಕನ್ನು ಅಳೆಯುವ ಮುಂಬಯಿಯಲ್ಲಿ ಈ ಎರಡನೆಯ ಬಗೆಯ ಕಾರ್ಯವೇ ಮೊದಲನೆಯದನ್ನು ಆಳುತ್ತ ಬಂದಿದೆ. ಯಾವ ಸಂಸ್ಥೆ ರಜೆಯ ದಿನ ತನ್ನ ಕೊಠಡಿಯನ್ನು ಎರವಲು ಕೊಟ್ಟಿತೋ ಆ ಸಂಸ್ಥೆಯ ಚಹರೆಯೇ ಸಮಾವೇಶಕ್ಕೂ ಬಂದಿದೆಯೆಂಬುದನ್ನು ಈ ನಗರದ ವೃತ್ತಾಂತದಲ್ಲಿ ಹೆಜ್ಜೆಹೆಜ್ಜೆಗೂ ಕಾಣಬಹುದು.

ಪೂರ್ವವೃತ್ತಾಂತ

ಹವ್ಯಾಸಿಗಳು ತಾವಾಗಿ ಕೂಡಿ ಯಂತ್ರಗಳ ವಿಷಯವಾಗಿ ಮಾತನಾಡಿಕೊಳ್ಳುವ ವಾಡಿಕೆ ಬಾರ್‌ಕ್ಯಾಂಪಿಗಿಂತ ಬಹಳ ಹಳೆಯದು. 1975ರ ಮಾರ್ಚ್ 5ರಂದು ಕ್ಯಾಲಿಫೋರ್ನಿಯದ ಮೆನ್ಲೋ ಪಾರ್ಕಿನಲ್ಲಿ ಗಾರ್ಡನ್ ಫ್ರೆಂಚ್ ಎಂಬುವರ ಮನೆಯ ಗ್ಯಾರೇಜಿನಲ್ಲಿ ಮೊದಲು ಸೇರಿದ ಹೋಮ್‌ಬ್ರೂ ಕಂಪ್ಯೂಟರ್ ಕ್ಲಬ್ಬು ಇವುಗಳಿಗೆಲ್ಲ ಮೂಲಪುರುಷನ ಸ್ಥಾನದಲ್ಲಿದೆ. ಆಲ್ಟೇರ್ 8800 ಎಂಬ ಗಣಕವನ್ನು ಬಿಡಿಭಾಗಗಳಿಂದ ಜೋಡಿಸಿಕೊಳ್ಳಲು ಯತ್ನಿಸುತ್ತಿದ್ದವರ ಈ ಕೂಟ ಮುಂದೆ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ಕಣವೇಗವರ್ಧಕ ಕೇಂದ್ರದ ಸಭಾಂಗಣಕ್ಕೆ ಹೋದಾಗ, ಲೀ ಫೆಲ್ಸೆನ್‌ಸ್ಟೈನ್ ಎಂಬುವರು ಸಭೆಯನ್ನು ಎರಡು ಭಾಗಗಳಾಗಿ ನಡೆಯಿಸುತ್ತಿದ್ದರು. ಮೊದಲ ಭಾಗದಲ್ಲಿ ಒಬ್ಬೊಬ್ಬರೇ ಎದ್ದುನಿಂತು ತಮ್ಮಲ್ಲಿ ಏನಿದೆ, ತಮಗೆ ಏನು ಬೇಕು ಎಂಬುದನ್ನು ಚುಟುಕಾಗಿ ಹೇಳುವುದು; ಎರಡನೆಯದರಲ್ಲಿ ಅವರವರಿಗೆ ಬೇಕಾದವರನ್ನು ಅವರವರೇ ಹುಡುಕಿಕೊಂಡು ಹೋಗುವುದು. ಸ್ಟೀವ್ ವಾಜ್ನಿಯಾಕ್ ತಮ್ಮ ಮೊದಲ ಆ್ಯಪಲ್ ಯಂತ್ರವನ್ನು ಗೆಳೆಯರೆದುರಿಗೆ ತೋರಿಸಿದ್ದು ಈ ಕೂಟದಲ್ಲಿಯೇ. ಸಭೆಯ ಒಳಗಿನ ಭಾಷಣಕ್ಕಿಂತ ಅದರ ಅಂಚಿನಲ್ಲಿ ನಡೆಯುವ ಸಂಭಾಷಣೆಗೇ ಹೆಚ್ಚಿನ ಬೆಲೆಯೆಂಬ ತಿಳಿವಳಿಕೆ ಆಗಲೇ ರೂಢಿಯಾಗಿದ್ದಿತೆನ್ನಬಹುದು.

ಆ ತಿಳಿವಳಿಕೆಗೆ ಶಾಸ್ತ್ರದ ರೂಪ ಕೊಟ್ಟವರು ಹ್ಯಾರಿಸನ್ ಓವೆನ್. ವರ್ಷವಿಡೀ ದುಡಿದು ತಾವು ಏರ್ಪಡಿಸಿದ ದೊಡ್ಡ ಸಮ್ಮೇಳನವೊಂದರಲ್ಲಿ ಎಲ್ಲರೂ ಮೆಚ್ಚಿದ್ದು ಕಾಫಿಯ ಬಿಡುವನ್ನು ಮಾತ್ರವೆಂಬುದನ್ನು ಕಂಡುಕೊಂಡ ಈತನು, ಬಿಡುವನ್ನೇ ಸಮ್ಮೇಳನವನ್ನಾಗಿಸುವ ಉಪಾಯವೊಂದನ್ನು 1985ರಲ್ಲಿ ಮಾಂಟೆರೆ ಎಂಬಲ್ಲಿ ಪ್ರಯೋಗಿಸಿದನು. ಸಭಿಕರು ವರ್ತುಲಾಕಾರವಾಗಿ ಕುಳಿತು, ಬೇಕಾದವನು ಎದ್ದು ತನ್ನ ವಿಷಯವನ್ನು ಹಾಳೆಯಲ್ಲಿ ಬರೆದು ಗೋಡೆಗೆ ಅಂಟಿಸುವುದು, ಅನಂತರ ಎಲ್ಲರೂ ಗೋಡೆಯ ಬಳಿಗೆ ಹೋಗಿ ತಮಗೆ ಸೇರಿದ ಗುಂಪನ್ನು ಆರಿಸಿಕೊಳ್ಳುವುದು, ಕುಳಿತಲ್ಲಿ ಕಲಿಯುವುದಕ್ಕೂ ಕಲಿಸುವುದಕ್ಕೂ ಏನೂ ಇಲ್ಲವೆಂದು ತೋರಿದೊಡನೆ ಸಂಕೋಚವಿಲ್ಲದೆ ಎದ್ದು ಬೇರೊಂದು ಗುಂಪಿಗೆ ನಡೆದುಬಿಡುವುದು, ಇಷ್ಟೇ ಅದರ ಸಾರ. ಈ ವಿಧಾನಕ್ಕೆ ‘ಓಪನ್ ಸ್ಪೇಸ್ ಟೆಕ್ನಾಲಜಿ’ ಎಂಬ ಹೆಸರು ನಿಂತದ್ದು ಗೋವೆಯಲ್ಲಿ ನಡೆದ ಸಮಾವೇಶವೊಂದರ ಸಂದರ್ಭದಲ್ಲಿ ಎಂದು ಓವೆನ್ನನೇ ಬರೆದುಕೊಂಡಿದ್ದಾನೆ. ಹೆಸರಿನಲ್ಲಿ ತಂತ್ರಜ್ಞಾನವಿದ್ದರೂ ಅದರಲ್ಲಿ ಯಂತ್ರವೊಂದೂ ಇರಲಿಲ್ಲ. ಯಂತ್ರಜ್ಞರು ಅದನ್ನು ಕೈಗೆತ್ತಿಕೊಳ್ಳಲು ಇನ್ನೂ ಎರಡು ದಶಕಗಳು ಬೇಕಾದುವು.

ಅಮೆರಿಕದ ಗಣಕಗ್ರಂಥ ಪ್ರಕಾಶಕ ಟಿಮ್ ಓ’ರೈಲಿಯು 2003ರಿಂದ ಸೆಬಾಸ್ಟಪೋಲ್‌ನ ತನ್ನ ಕಚೇರಿಯ ಅಂಗಳದಲ್ಲಿ ಫೂ ಕ್ಯಾಂಪ್ ಎಂಬ ಮೇಳವನ್ನು ನಡೆಯಿಸತೊಡಗಿದನು. ಬಂದವರು ಹುಲ್ಲಿನ ಮೇಲೆ ಡೇರೆ ಹಾಕಿಕೊಂಡು, ಖಾಲಿ ಹಲಗೆಯ ಮೇಲೆ ತಮ್ಮ ಗೋಷ್ಠಿಗಳನ್ನು ಬರೆದು ನಡೆಯಿಸುತ್ತಿದ್ದರು. ಆದರೆ ಬರುವುದಕ್ಕೆ ಆತನ ಆಹ್ವಾನ ಬೇಕಾಗಿದ್ದಿತು. 2005ರಲ್ಲಿ ಆಹ್ವಾನ ದೊರೆಯದ ಮತ್ತು ಆಹ್ವಾನದ ಪದ್ಧತಿಯನ್ನೇ ಒಪ್ಪದ ಕೆಲವು ತರುಣರು, ಕ್ರಿಸ್ ಮೆಸಿನಾ, ಟಾಂಟೆಕ್ ಚೆಲಿಕ್, ಆ್ಯಂಡಿ ಸ್ಮಿತ್, ಮ್ಯಾಟ್ ಮುಲ್ಲೆನ್‌ವೆಗ್ ಮೊದಲಾದವರು, ಒಂದು ವಾರಕ್ಕಿಂತ ಕಡಮೆ ಅವಧಿಯಲ್ಲಿ ಸಿದ್ಧತೆ ನಡೆಸಿ, ಆಗಸ್ಟ್ 19ರಿಂದ 21ರವರೆಗೆ ಪಾಲೋ ಆಲ್ಟೋದ ಸೋಶಿಯಲ್‌ಟೆಕ್ಸ್ಟ್ ಎಂಬ ಕಂಪನಿಯ ಕಚೇರಿಯಲ್ಲಿ ಬಾಗಿಲು ತೆರೆದಿಟ್ಟ ಮೇಳವೊಂದನ್ನು ಕೂಡಿಸಿದರು. ಸುಮಾರು 200 ಮಂದಿ ಬಂದರು. ಪ್ರೋಗ್ರಾಮು ಬರೆಯುವವರು ಹೆಸರಿಲ್ಲದ ವಸ್ತುಗಳಿಗೆ ‘ಫೂ’, ‘ಬಾರ್’ ಎಂದು ಜೋಡಿಯಾಗಿ ಕರೆಯುವ ರೂಢಿಯಿದೆಯಾಗಿ, ಫೂ ಕ್ಯಾಂಪಿನ ಜೋಡಿ ಬಾರ್ ಕ್ಯಾಂಪ್ ಆಯಿತು. ಮದ್ಯದಂಗಡಿಗೂ ಇದಕ್ಕೂ ಸಂಬಂಧವಿಲ್ಲ. ಮೊದಲ ಸಲ ಬಂದವನು ಏನನ್ನಾದರೂ ಮಂಡಿಸಲೇಬೇಕು, ಕೇವಲ ಪ್ರೇಕ್ಷಕನಾಗಿ ಯಾರೂ ಬರತಕ್ಕದ್ದಲ್ಲ, ನಡೆದುದನ್ನು ಹೊರಗಿನವರಿಗೂ ತಿಳಿಸತಕ್ಕದ್ದು, ಈ ಮುಂತಾದ ಕಟ್ಟಳೆಗಳನ್ನು ಹಾಲಿವುಡ್ ಚಿತ್ರವೊಂದರ ಸಂಭಾಷಣೆಯನ್ನು ಅಣಕಿಸಿ ತಮಾಷೆಯ ಧಾಟಿಯಲ್ಲಿ ಬರೆದಿಟ್ಟರು. ಈ ಹೆಸರನ್ನಾಗಲಿ ಪದ್ಧತಿಯನ್ನಾಗಲಿ ಯಾರೂ ತಮ್ಮ ಸ್ವತ್ತೆಂದು ಕಾದಿರಿಸಿಕೊಳ್ಳಲಿಲ್ಲವಾದ್ದರಿಂದ, ಯಾರ ಅಪ್ಪಣೆಯೂ ಇಲ್ಲದೆ ಅದು ಖಂಡಖಂಡಾಂತರಗಳಿಗೆ ಹಬ್ಬಿತು.

ಭಾರತದಲ್ಲಿ ಮೊದಲನೆಯದು 2006ರ ಮಾರ್ಚಿನಲ್ಲಿ ದೆಹಲಿಯಲ್ಲಿಯೂ, ಏಪ್ರಿಲಿನಲ್ಲಿ ಚೆನ್ನೈ ಬೆಂಗಳೂರುಗಳಲ್ಲಿಯೂ ನಡೆಯಿತು. ಇವುಗಳಲ್ಲಿ ದೀರ್ಘಾಯುಷಿಯಾದದ್ದು ಬೆಂಗಳೂರಿನದು. ಬನ್ನೇರುಘಟ್ಟ ರಸ್ತೆಯ ಐಐಎಂ ಆವರಣದಲ್ಲಿ ಅದರ ಕೆಲವು ಆವೃತ್ತಿಗಳು ಜನಭರಿತವಾಗಿ ನಡೆದುವು.

ಮುಂಬಯಿಯ ಹಿನ್ನೆಲೆ

ಮುಂಬಯಿಗೆ ಗಣಕ ಹೊಸದಲ್ಲ. ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯಲ್ಲಿ ದೇಶೀಯವಾಗಿ ನಿರ್ಮಿತವಾದ ಟಿಫ್ರಾಕ್ ಯಂತ್ರ 1960ರಲ್ಲಿ ಕಾರ್ಯಾರಂಭ ಮಾಡಿ, 1962ರಲ್ಲಿ ಜವಾಹರಲಾಲ್ ನೆಹರೂ ಅವರಿಂದ ಆ ಹೆಸರನ್ನು ಪಡೆಯಿತು. 1964ರಲ್ಲಿ ಅಲ್ಲಿಗೆ ಸಿಡಿಸಿ 3600 ಎಂಬ ಮಹಾಗಣಕ ಬಂದ ಮೇಲೆ ದೇಶದ ನಾನಾ ಭಾಗಗಳ ವಿಜ್ಞಾನಿಗಳು ತಮ್ಮ ಲೆಕ್ಕಗಳನ್ನು ಹೊತ್ತುಕೊಂಡು ಕೊಲಾಬಕ್ಕೆ ಬರುವಂತಾಯಿತು. 1965ರಲ್ಲಿ ಸ್ಥಾಪಿತವಾದ ಕಂಪ್ಯೂಟರ್ ಸೊಸೈಟಿ ಆಫ್ ಇಂಡಿಯಾ ಎಂಬ ಗಣ್ಯಸಂಸ್ಥೆಯ ಬೀಜವೂ ಗಣಕ ಬಳಕೆದಾರರ ಪುಟ್ಟ ಕೂಟವೊಂದೇ ಎಂಬುದನ್ನು ಇಲ್ಲಿ ನೆನೆಯುವುದು ಪ್ರಸ್ತುತವಾಗುತ್ತದೆ: ಗೆಳೆಯರ ಗುಂಪಾಗಿ ಮೊದಲಾದುದು ಚಂದಾ, ಚುನಾವಣೆ, ಶಾಖೆ, ವಾರ್ಷಿಕ ಅಧಿವೇಶನಗಳುಳ್ಳ ಸಂಸ್ಥೆಯಾಗಿ ಗಟ್ಟಿಯಾಯಿತು. ಆ ಗಟ್ಟಿತನವನ್ನು ಒಲ್ಲದವರೇ ಮುಂದಿನ ತಲೆಮಾರಿನಲ್ಲಿ ಮತ್ತೆ ನೆಲದ ಮೇಲೆ ಕುಳಿತರು. ಜುಹುವಿನಲ್ಲಿ 1985ರಲ್ಲಿ ಸ್ಥಾಪಿತವಾದ ರಾಷ್ಟ್ರೀಯ ತಂತ್ರಾಂಶ ಕೇಂದ್ರವೂ ಪೊವಾಯಿಯ ಐಐಟಿಯೂ ವಿದ್ಯುನ್ಮಾನ ಅಂಚೆಯ ಮೊದಲ ದಿನಗಳಲ್ಲಿಯೇ ಪರಸ್ಪರ ಬೆಸೆದುಕೊಂಡಿದ್ದುವು. 1995ರ ಆಗಸ್ಟ್ 15ರಂದು ವಿದೇಶ ಸಂಚಾರ ನಿಗಮವು ಅಂತರಜಾಲದ ಸಂಪರ್ಕವನ್ನು ಸಾರ್ವಜನಿಕರಿಗೆ ಬಿಟ್ಟುಕೊಟ್ಟಾಗ ಅದರ ಕೇಂದ್ರ ಕಾರ್ಯಾಲಯವಿದ್ದುದೂ ಮುಂಬಯಿಯ ಫೋರ್ಟಿನಲ್ಲಿಯೇ.

ಈ ನೆಲದಿಂದ ಎದ್ದ ಮೊದಲ ನಿಜವಾದ ಅನೌಪಚಾರಿಕ ಕೂಟ, 1990ರ ದಶಕದ ಕೊನೆಯ ಭಾಗದಲ್ಲಿ ರೂಪುಗೊಂಡ ಲಿನಕ್ಸ್ ಬಳಕೆದಾರರ ಮುಂಬಯಿ ಬಳಗ. ಇಲಗ್-ಬಾಮ್ ಎಂಬ ಕಿರುಹೆಸರಿನಿಂದ ಅದು ಪ್ರಸಿದ್ಧವಾಯಿತು. ಮಾಟುಂಗದ ವೀರಮಾತಾ ಜೀಜಾಬಾಯಿ ತಾಂತ್ರಿಕ ಸಂಸ್ಥೆಯಲ್ಲಿಯೂ ಮಾನ್‌ಖುರ್ದಿನ ಹೋಮಿ ಭಾಭಾ ವಿಜ್ಞಾನ ಶಿಕ್ಷಣ ಕೇಂದ್ರದಲ್ಲಿಯೂ ಅದರ ಸಭೆಗಳು ನಡೆಯುತ್ತಿದ್ದುವು. ಮೊದಲನೆಯದು 1887ರಲ್ಲಿ ವಿಕ್ಟೋರಿಯಾ ರಾಣಿಯ ಆಳ್ವಿಕೆಯ ಸುವರ್ಣೋತ್ಸವದ ಸ್ಮಾರಕವಾಗಿ, ಗಿರಣಿಗಳಿಗೆ ಬೇಕಾದ ಯಂತ್ರಕರ್ಮಿಗಳನ್ನು ತಯಾರಿಸುವುದಕ್ಕೆ ಮೊದಲಾದ ವಿದ್ಯಾಲಯ. ಎರಡನೆಯದು 1974ರಲ್ಲಿ ಟಾಟಾ ಸಂಶೋಧನ ಸಂಸ್ಥೆಯ ಅಂಗವಾಗಿ ಸ್ಥಾಪಿತವಾಗಿ, ಶಾಲೆಗಳಲ್ಲಿ ವಿಜ್ಞಾನ ಬೋಧನೆಯನ್ನು ತಿದ್ದುವ ಉದ್ದೇಶವುಳ್ಳದ್ದು. ಎರವಲು ಕೊಟ್ಟ ಮನೆಯ ಚಹರೆ ಕೂಟಕ್ಕೆ ಬರುವುದೆಂಬ ಮಾತಿಗೆ ಈ ಎರಡು ಸ್ಥಳಗಳಷ್ಟು ಒಳ್ಳೆಯ ನಿದರ್ಶನ ಬೇರೆ ದೊರೆಯದು. ಮಾಟುಂಗದಲ್ಲಿ ಎಂಜಿನಿಯರಿಂಗ್ ವಿದ್ಯಾರ್ಥಿಗಳೇ ಬಹುಸಂಖ್ಯಾತರಾಗಿ, ತಂತ್ರಾಂಶವನ್ನು ಯಂತ್ರದಲ್ಲಿ ಕೂಡಿಸುವ, ಕೆಟ್ಟುದನ್ನು ಸರಿಪಡಿಸುವ ಕೈಕೆಲಸಕ್ಕೆ ಪ್ರಾಧಾನ್ಯ ಬಂದರೆ, ಸ್ವತಂತ್ರ ತಂತ್ರಾಂಶದ ತತ್ತ್ವವನ್ನು ಶಿಕ್ಷಣದೊಂದಿಗೆ ಬೆಸೆದ ನಾಗಾರ್ಜುನ ಜಿ. ಅವರಂತಹ ವಿದ್ವಾಂಸರಿದ್ದ ಮಾನ್‌ಖುರ್ದಿನಲ್ಲಿ, ಜ್ಞಾನಕ್ಕೆ ಒಡೆಯನಿರಬಹುದೇ ಎಂಬ ಪ್ರಶ್ನೆ ಸಹಜವಾಗಿ ಮುಂದೆ ಬರುತ್ತಿದ್ದಿತು. ಅಂತರಜಾಲದ ವೇಗ ಆಮೆಯದಾಗಿದ್ದ ಆ ದಿನಗಳಲ್ಲಿ ಒಂದು ಸಿಡಿಯ ಪ್ರತಿ ಪಡೆಯುವುದಕ್ಕಾಗಿಯೇ ಸಭೆಗೆ ಬರುವವರಿದ್ದರು. ತಂತ್ರಾಂಶ ಕೂಡಿಸಿಕೊಳ್ಳುವ ದಿನಗಳಂದು ಮೇಜಿನ ಗಣಕದ ಪೆಟ್ಟಿಗೆಯನ್ನೇ ಚೀಲದಲ್ಲಿಟ್ಟುಕೊಂಡು ಲೋಕಲ್ ರೈಲು ಹತ್ತುವ ಸಾಹಸಿಗಳೂ ಇದ್ದರು.

ಮುಂಬಯಿಯ ಬಾರ್‌ಕ್ಯಾಂಪ್

ಬಾರ್‌ಕ್ಯಾಂಪ್ ಮುಂಬಯಿಗೆ ಬಂದಾಗ, ಆದಕಾರಣ, ಅದರ ಬಿತ್ತನೆಗೆ ನೆಲ ಹದವಾಗಿದ್ದಿತು. 2006ರಿಂದ ಮುಂದಿನ ಕೆಲವು ವರ್ಷಗಳಲ್ಲಿ ಅದರ ಹಲವು ಆವೃತ್ತಿಗಳು ನಡೆದುವು. ಪೊವಾಯಿಯ ಐಐಟಿ ಆವರಣವೂ ಅದಕ್ಕೆ ಆತಿಥ್ಯ ನೀಡಿದ್ದುಂಟು. ಲಿನಕ್ಸ್ ಬಳಗಕ್ಕೂ ಇದಕ್ಕೂ ಒಂದು ಮುಖ್ಯವಾದ ಭೇದವಿದ್ದಿತು. ಬಳಗದವರಿಗೆ ವಿಷಯ ಒಂದೇ. ಬಾರ್‌ಕ್ಯಾಂಪಿಗೆ ಬರುವವನು ಪ್ರೋಗ್ರಾಮು ಬರೆಯುವವನೇ ಆಗಿರಬೇಕಾಗಿರಲಿಲ್ಲ. ಜಾಹೀರಾತು, ಬ್ಯಾಂಕು, ಷೇರುಪೇಟೆ, ಚಲನಚಿತ್ರ ಇವುಗಳನ್ನು ನಂಬಿ ಬದುಕುವ ಈ ನಗರದಲ್ಲಿ ಗಣಕವು ಇತರ ಉದ್ಯಮಗಳ ಒಳಗೆ ಅಡಗಿಕೊಂಡಿರುವುದೇ ಹೆಚ್ಚು. ಆದ್ದರಿಂದ ಬೆಂಗಳೂರಿನ ಮೇಳದಲ್ಲಿ ತಂತ್ರಾಂಶ ಕಂಪನಿಗಳ ನೌಕರರು ಹೇಗೋ ಹಾಗೆ ಇಲ್ಲಿ ಸ್ವಂತ ವ್ಯವಹಾರ ಹೂಡುವ ಹಂಬಲವುಳ್ಳವರು, ಮೊಬೈಲು ದೂರವಾಣಿಯ ಹೊಸ ಉಪಯೋಗಗಳನ್ನು ಚಿಂತಿಸುವವರು, ಪತ್ರಿಕೋದ್ಯೋಗಿಗಳು, ಛಾಯಾಗ್ರಾಹಕರು ಎದ್ದು ಕಾಣುತ್ತಿದ್ದರು. ಈ ವೈವಿಧ್ಯವೇ ಅದರ ಸೊಗಸು. ಅದು ಬಹುಕಾಲ ಒಂದು ಕಟ್ಟಾಗಿ ನಿಲ್ಲದಿದ್ದುದಕ್ಕೂ ಪ್ರಾಯಶಃ ಅದೇ ಕಾರಣ. ತಮ್ಮತಮ್ಮ ವಿಷಯದವರು ಸಾಕಷ್ಟು ಮಂದಿ ದೊರೆತೊಡನೆ ಒಂದೊಂದು ಪಂಗಡವೂ ಬೇರೆ ಮನೆ ಹೂಡಿತು.

ಸ್ಥಳವೂ ಕಾಲವೂ

ಮುಂಬಯಿಯಲ್ಲಿ ಸಭೆ ಕೂಡಿಸುವವನ ಮೊದಲ ಪ್ರಶ್ನೆ ‘ಏನು’ ಎಂಬುದಲ್ಲ, ‘ಎಲ್ಲಿ’ ಎಂಬುದು. ಪ್ರವೇಶಶುಲ್ಕವಿಲ್ಲದ ಮೇಳ ಬಾಡಿಗೆಯ ಸಭಾಂಗಣವನ್ನು ಕನಸಿನಲ್ಲಿಯೂ ನೆನೆಯುವಂತಿಲ್ಲ. ಉಳಿಯುವ ದಾರಿಗಳು ಎರಡು: ವಿದ್ಯಾಸಂಸ್ಥೆಯ ತರಗತಿ, ಇಲ್ಲವೆ ಕಂಪನಿಯ ಕಚೇರಿ. ಎರಡೂ ಬರಿದಾಗಿರುವುದು ರಜೆಯ ದಿನಗಳಲ್ಲಿ. ವಿದ್ಯಾಸಂಸ್ಥೆಯಲ್ಲಿ ಅಧ್ಯಾಪಕರೊಬ್ಬರು ಹೊಣೆ ಹೊತ್ತು ಪತ್ರ ಬರೆಯಬೇಕು. ಕಚೇರಿಯಲ್ಲಿ ನೌಕರರೊಬ್ಬರು ಮೇಲಧಿಕಾರಿಯನ್ನು ಒಲಿಸಬೇಕು. ಕಚೇರಿಯವರು ಕೊಡುವ ಸ್ಥಳಕ್ಕೆ ಹವಾನಿಯಂತ್ರಣವೂ ಒಳ್ಳೆಯ ಕುರ್ಚಿಯೂ ಉಂಟು. ಆದರೆ ಗೋಡೆಯ ಮೇಲೆ ಅವರ ಲಾಂಛನ, ಬಾಯಲ್ಲಿ ಅವರ ನೌಕರಿಯ ಆಮಿಷ, ಇವೂ ಜೊತೆಗೇ ಬರುತ್ತವೆ. ಸರಕು ಮಾರುವ ಭಾಷಣ ಕೂಡದೆಂಬ ಅಲಿಖಿತ ನಿಯಮವನ್ನು ಆತಿಥೇಯರಿಗೆ ನೆನಪಿಸುವುದು ಸಂಘಟಕನ ನಾಜೂಕಿನ ಕೆಲಸಗಳಲ್ಲೊಂದು.

ಬಾಗಿಲು ಎಲ್ಲರಿಗೂ ತೆರೆದಿದೆಯೆಂಬ ಘೋಷಣೆಗೆ ಇನ್ನೊಂದು ತಿದ್ದುಪಡಿಯೂ ಅವಶ್ಯಕ. ಪಾಲೋ ಆಲ್ಟೋದಲ್ಲಿ ರಸ್ತೆಯಿಂದ ನೇರವಾಗಿ ಒಳಗೆ ನಡೆಯಬಹುದಾಗಿದ್ದಿತು. ಮುಂಬಯಿಯಲ್ಲಿ, ವಿಶೇಷವಾಗಿ 2008ರ ನವೆಂಬರಿನ ದಾಳಿಯ ಅನಂತರ, ದೊಡ್ಡ ಸಂಸ್ಥೆಗಳ ದ್ವಾರದಲ್ಲಿ ಗುರುತಿನ ಚೀಟಿ ತೋರಿಸಿ, ಹೆಸರು ಪಟ್ಟಿಯಲ್ಲಿದೆಯೇ ಎಂದು ನೋಡಿಸಿ, ಚೀಲವನ್ನು ಬಿಚ್ಚಿ ಒಳಹೋಗಬೇಕು. ಮುಂಚಿತವಾಗಿ ಹೆಸರು ನೋಂದಾಯಿಸದೆ ಬಂದ ಕುತೂಹಲಿ ಕಾವಲುಗಾರನೊಡನೆ ವಾದಿಸುತ್ತ ನಿಲ್ಲಬೇಕಾದ ಪ್ರಸಂಗಗಳುಂಟು. ಆಹ್ವಾನವನ್ನು ತಿರಸ್ಕರಿಸಿ ಹುಟ್ಟಿದ ಮೇಳಕ್ಕೆ ಆಹ್ವಾನಿತರ ಪಟ್ಟಿಯೊಂದು ಹಿಂಬಾಗಿಲಿನಿಂದ ಬಂದು ಸೇರಿದಂತಾಯಿತು.

ಕಾಲವನ್ನು ಗೊತ್ತುಮಾಡುವುದು ರೈಲು. ಪೊವಾಯಿಗೆ ಮಧ್ಯ ರೈಲ್ವೆಯ ಕಾಂಜೂರ್‌ಮಾರ್ಗ್ ಹತ್ತಿರದ ನಿಲ್ದಾಣ. ಪಶ್ಚಿಮ ಉಪನಗರಗಳವರು ಅಂಧೇರಿಯಲ್ಲಿಳಿದು ಬೆಸ್ಟ್ ಬಸ್ಸು ಹಿಡಿಯಬೇಕು. ಮಾನ್‌ಖುರ್ದ್ ಹಾರ್ಬರ್ ಮಾರ್ಗದ ಮೇಲಿದೆ. ಹಳಿ ತಂತಿಗಳ ದುರಸ್ತಿಗಾಗಿ ಭಾನುವಾರದ ಹಗಲಿನಲ್ಲಿ ಕೆಲವು ತಾಸು ಮಾರ್ಗಗಳನ್ನು ತಡೆಹಿಡಿಯುವ ಮೆಗಾ ಬ್ಲಾಕ್ ಎಂಬ ವ್ಯವಸ್ಥೆ ಮುಂಬಯಿಗರಿಗೆ ಚಿರಪರಿಚಿತ. ಭಾನುವಾರವೇ ಕೂಡುವ ಮೇಳಗಳಿಗೆ ಅದೊಂದು ಶಾಪ. ವಿರಾರ್, ಕಲ್ಯಾಣ, ಪನ್ವೇಲಿನಂತಹ ದೂರದಿಂದ ಬರುವವರು ತಲಪುವ ಹೊತ್ತಿಗೆ ಬೆಳಗಿನ ಪರಿಚಯ ಮುಗಿದು, ಹಲಗೆಯ ಮೇಲಿನ ಒಳ್ಳೆಯ ವೇಳೆಗಳೆಲ್ಲ ಹಂಚಿಹೋಗಿರುತ್ತವೆ. ನಗರದ ಯಾವ ಅಂಚಿನಲ್ಲಿ ಮನೆಯೆಂಬುದು ಯಾವ ವೇಳೆಗೆ ಮಾತೆಂಬುದನ್ನು ನಿರ್ಧರಿಸುವ ಈ ಅಸಮತೆಯನ್ನು ಕಂಡು, ಮಧ್ಯಾಹ್ನದ ಅರ್ಧ ಭಾಗವನ್ನು ಖಾಲಿ ಬಿಡುವ ಪದ್ಧತಿಯನ್ನು ಅನುಸರಿಸುವುದು ವಿವೇಕ. ಮಳೆಗಾಲದ ನಾಲ್ಕು ತಿಂಗಳು ಸಭೆಗಳು ವಿರಳವಾಗುವುದನ್ನು ಹೇಳಬೇಕಾದುದೇ ಇಲ್ಲ.

ಒಂದು ದಿನದ ನಡೆ

ಬಂದವನು ಮೊದಲು ಮಾಡುವುದು ತನ್ನ ಹೆಸರನ್ನು ಅಂಟುಚೀಟಿಯ ಮೇಲೆ ಮಾರ್ಕರಿನಿಂದ ಬರೆದು ಅಂಗಿಗೆ ಹಚ್ಚಿಕೊಳ್ಳುವುದು. ಅನಂತರ ಎಲ್ಲರೂ ಒಂದು ಕೊಠಡಿಯಲ್ಲಿ ಕೂಡಿ, ಸರದಿಯ ಮೇಲೆ ತಮ್ಮ ಹೆಸರನ್ನೂ ತಮ್ಮ ಆಸಕ್ತಿಯನ್ನು ಸೂಚಿಸುವ ಮೂರು ಪದಗಳನ್ನೂ ಹೇಳುತ್ತಾರೆ. ಮೂರೇ ಪದಗಳೆಂಬ ಈ ಕಟ್ಟು ಹುಡುಗಾಟವೆಂದು ತೋರಿದರೂ ಅದರ ಪ್ರಯೋಜನ ದೊಡ್ಡದು: ಹುದ್ದೆ, ಪದವಿ, ಕಂಪನಿಯ ಹಿರಿಮೆ ಇವಕ್ಕೆ ಎಡೆಯಿಲ್ಲದಂತಾಗಿ, ಹತ್ತೊಂಬತ್ತರ ವಿದ್ಯಾರ್ಥಿಯೂ ಐವತ್ತರ ಅಧಿಕಾರಿಯೂ ಒಂದೇ ಅಳತೆಯಲ್ಲಿ ಪರಿಚಿತರಾಗುತ್ತಾರೆ. ತಲೆಗಳನ್ನು ಎಣಿಸುತ್ತ ಹೋದರೆ ಮುಂಬಯಿಯಂತಹ ನಗರದಲ್ಲಿಯೂ ಸ್ತ್ರೀಯರ ಸಂಖ್ಯೆ ಕಡಮೆಯೆಂಬುದು ಕಣ್ಣಿಗೆ ಹೊಡೆಯುತ್ತದೆ; ಭಾನುವಾರದ ಮನೆಗೆಲಸವೆಂಬುದು ಯಾರ ಪಾಲಿಗೆ ಬಂದಿದೆಯೋ ಅವರಿಗೆ ಇಂತಹ ಬಿಡುವು ಸುಲಭವಲ್ಲ.

ಗೋಡೆಗೆ ಅಂಟಿಸಿದ ದೊಡ್ಡ ಹಾಳೆಯೋ ಬಿಳಿಯ ಹಲಗೆಯೋ ದಿನದ ಕೇಂದ್ರ. ಅಡ್ಡಸಾಲಿನಲ್ಲಿ ಕೊಠಡಿಗಳು, ಉದ್ದಸಾಲಿನಲ್ಲಿ ಅರ್ಧರ್ಧ ತಾಸಿನ ವೇಳೆಗಳು. ನಡುವಿನ ಮನೆಗಳು ಖಾಲಿ. ಮಾತನಾಡಬೇಕೆನ್ನುವವನು ವಿಷಯವನ್ನು ಚೀಟಿಯಲ್ಲಿ ಬರೆದು ಒಂದು ಮನೆಯಲ್ಲಿ ಅಂಟಿಸುತ್ತಾನೆ. ಮೊದಲ ಕೆಲವು ನಿಮಿಷ ಯಾರೂ ಏಳುವುದಿಲ್ಲ. ಸಂಘಟಕರಲ್ಲಿ ಒಬ್ಬನು ಎದ್ದು ಮೊದಲ ಚೀಟಿಯನ್ನು ಹಚ್ಚಿದ ಮೇಲೆ ಎರಡನೆಯವನಿಗೆ ಧೈರ್ಯ ಬರುತ್ತದೆ, ಹತ್ತನೆಯವನಿಗೆ ಸ್ಥಳವೇ ಉಳಿಯುವುದಿಲ್ಲ. ಒಂದೇ ವಿಷಯದ ಎರಡು ಚೀಟಿಗಳು ಬಂದರೆ ಕೂಡಿಸುವುದು, ಜನ ಹೆಚ್ಚಾಗುವ ಗೋಷ್ಠಿಗೆ ದೊಡ್ಡ ಕೊಠಡಿ ಬಿಡಿಸುವುದು, ಒಂದೇ ವೇಳೆಯಲ್ಲಿ ಎರಡಕ್ಕೂ ಹೋಗಬಯಸುವವರ ಗೊಣಗಾಟಕ್ಕೆ ಕಿವಿಗೊಟ್ಟು ಚೀಟಿ ಬದಲಿಸುವುದು, ಇವೆಲ್ಲ ಹಲಗೆಯ ಮುಂದೆ ನಿಂತೇ ಇತ್ಯರ್ಥವಾಗುವ ವ್ಯವಹಾರಗಳು. ಮಂಡಿಸಲೇಬೇಕೆಂಬ ಮೂಲ ಕಟ್ಟಳೆ ಭಾರತದಲ್ಲಿ ಕಟ್ಟುನಿಟ್ಟಾಗಿ ಜಾರಿಯಲ್ಲಿಲ್ಲ. ಹಿಂದಿನ ಸಾಲಿನಲ್ಲಿ ಕುಳಿತು ಕೇಳಿ ಹೋಗುವವರೇ ಅರ್ಧಕ್ಕಿಂತ ಹೆಚ್ಚು, ಅವರನ್ನು ಯಾರೂ ಎಬ್ಬಿಸುವುದಿಲ್ಲ.

ಗೋಷ್ಠಿಯ ಸ್ವರೂಪವನ್ನು ಕನ್ನಡಿಗರಿಗೆ ತಿಳಿಯಹೇಳಲು ತಾಳಮದ್ದಳೆಯ ಕೂಟವೇ ತಕ್ಕ ಹೋಲಿಕೆ. ಅಲ್ಲಿ ಅರ್ಥಧಾರಿಗಳು ಬರೆದುಕೊಂಡು ಬಂದುದನ್ನು ಓದುವುದಿಲ್ಲ. ಪ್ರಸಂಗದ ಚೌಕಟ್ಟಿನೊಳಗೆ ಎದುರಾಳಿಯ ಮಾತಿಗೆ ತಕ್ಕಂತೆ ಆ ಕ್ಷಣದಲ್ಲಿಯೇ ಅರ್ಥ ಹೇಳುತ್ತಾರೆ, ಅವರ ಪಾಂಡಿತ್ಯದ ಪರೀಕ್ಷೆ ಪ್ರತ್ಯುತ್ತರದಲ್ಲಿ. ಬಾರ್‌ಕ್ಯಾಂಪಿನ ಒಳ್ಳೆಯ ಗೋಷ್ಠಿಯೂ ಹಾಗೆಯೇ: ಮಂಡಿಸುವವನು ಹತ್ತು ನಿಮಿಷ ಪೀಠಿಕೆ ಹಾಕಿ ಸುಮ್ಮನಾಗಬೇಕು, ಉಳಿದುದು ಪ್ರಶ್ನೆ ಪ್ರತಿಪ್ರಶ್ನೆಗಳಿಂದ ಬೆಳೆಯಬೇಕು. ಆದರೆ ತಾಳಮದ್ದಳೆಗೆ ಭಾಗವತನಿದ್ದಾನೆ. ಅರ್ಥ ಅತಿಯಾದರೆ ಆತನು ಪದ ಎತ್ತಿ ಪ್ರಸಂಗವನ್ನು ಮುಂದೆ ನಡೆಸಬಲ್ಲನು. ಭಾಗವತನಿಲ್ಲದ ಗೋಷ್ಠಿಯಲ್ಲಿ ಒಬ್ಬ ವಾಚಾಳಿ ಅರ್ಧ ತಾಸನ್ನೂ ನುಂಗಿಬಿಡುವ ಅಪಾಯ ಸದಾ ಇರುತ್ತದೆ. ಎದ್ದು ಹೋಗುವ ಸ್ವಾತಂತ್ರ್ಯವೇ ಅದಕ್ಕೆ ಮದ್ದೆಂದು ಓವೆನ್ನನ ಮತ. ಮಾತನಾಡುವವರ ಮುಂದಿನಿಂದ ಎದ್ದು ಹೋಗುವುದು ಅಮರ್ಯಾದೆಯೆಂದು ಬಾಲ್ಯದಿಂದ ಕಲಿತ ನಮ್ಮವರು ಆ ಮದ್ದನ್ನು ಅಷ್ಟು ಸುಲಭವಾಗಿ ಸೇವಿಸುವುದಿಲ್ಲ; ಮೊಬೈಲಿನ ಪರದೆಯ ಮೇಲೆ ತಲೆಬಾಗಿಸಿ ಕುಳಿತಲ್ಲಿಯೇ ಎದ್ದು ಹೋಗುವ ವಿದ್ಯೆಯನ್ನು ಅವರು ಕಂಡುಕೊಂಡಿದ್ದಾರೆ.

ಲ್ಯಾಪ್‌ಟಾಪಿಗೂ ಪ್ರೊಜೆಕ್ಟರಿಗೂ ಹೊಂದದೆ ಹೋಗುವುದು, ವೈಫೈ ಒಮ್ಮೆಲೇ ಬಂದ ಭಾರ ತಾಳದೆ ನಿಲ್ಲುವುದು, ಎಕ್ಸ್‌ಟೆನ್ಷನ್ ಬೋರ್ಡಿನ ಸುತ್ತ ಜನ ಮುತ್ತಿಕೊಳ್ಳುವುದು, ಇವು ಯಾವ ಮೇಳಕ್ಕೂ ತಪ್ಪಿದುವಲ್ಲ. ಅನುಭವಿಗಳು ಹಲಗೆ ಸುಣ್ಣದ ಕಡ್ಡಿಗಳಿಂದಲೇ ಮಾತನಾಡಲು ಸಿದ್ಧರಾಗಿ ಬರುತ್ತಾರೆ. ಮಧ್ಯಾಹ್ನದ ವಡಾಪಾವ್ ಮತ್ತು ಕಟಿಂಗ್ ಚಹದ ಹೊತ್ತಿನಲ್ಲಿ ಕಾರಿಡಾರಿನಲ್ಲಿ ನಡೆಯುವ ಮಾತೇ ದಿನದ ಸಾರವೆಂದು ಬಹುಮಂದಿ ಹೇಳುವರು. ಕೆಲಸ ಹುಡುಕುವವನಿಗೆ ಕೆಲಸ, ಕೆಲಸ ಹೂಡುವವನಿಗೆ ಪಾಲುದಾರ ದೊರೆಯುವುದು ಅಲ್ಲಿಯೇ.

ಭಾಷೆ, ಮತ್ತು ಮುಂಬಯಿ ಕನ್ನಡಿಗರು

ಈ ಸಮಾವೇಶಗಳ ವೇದಿಕೆಯ ಭಾಷೆ ಇಂಗ್ಲಿಷು, ಚಹದ ಭಾಷೆ ಹಿಂದಿ, ಹಳೆಯ ಗೆಳೆಯರೊಳಗಿನ ಭಾಷೆ ಮರಾಠಿಯೋ ಗುಜರಾತಿಯೋ. ಕನ್ನಡ ಕೇಳಬರುವುದು ಅಪರೂಪ. ಮುಂಬಯಿಯ ಕನ್ನಡಿಗರಲ್ಲಿ ಸಭೆ ಕೂಡಿಸುವ ಅಭ್ಯಾಸಕ್ಕೆ ಕೊರತೆಯಿದ್ದುದರಿಂದ ಹೀಗಾಯಿತೆನ್ನಲಾಗದು. ಮಾಟುಂಗದ ಮೈಸೂರು ಅಸೋಸಿಯೇಷನ್ 1926ರಿಂದಲೂ, ಕರ್ನಾಟಕ ಸಂಘ 1933ರಿಂದಲೂ ನಾಟಕ, ಉಪನ್ಯಾಸ, ಯಕ್ಷಗಾನಗಳಿಗೆ ಮನೆಯಾಗಿವೆ. ಹಗಲು ಹೋಟೆಲಿನಲ್ಲಿ ದುಡಿದ ಹುಡುಗರಿಗೆ ಇರುಳು ಅಕ್ಷರ ಕಲಿಸಿದ ಕನ್ನಡ ರಾತ್ರಿಶಾಲೆಗಳ ಚರಿತ್ರೆಯಂತೂ ಉಜ್ಜ್ವಲವಾದುದು. ಸ್ಥಳಕ್ಕಾಗಿ ಪರದಾಡುವ ತಂತ್ರಜ್ಞ ತರುಣರಿಗೆ ಇಂತಹ ಸಭಾಂಗಣಗಳು ನೆನಪಾಗದಿದ್ದುದು, ಸಂಘಗಳಿಗೆ ಆ ತರುಣರು ನೆನಪಾಗದಿದ್ದುದು, ಎರಡೂ ವಿಷಾದದ ಸಂಗತಿಗಳೇ.

ಏಕೆಂದರೆ ಕನ್ನಡವು ಗಣಕವನ್ನು ಪ್ರವೇಶಿಸಿದ ದಾರಿಗಳಲ್ಲಿ ಎರಡು ಈ ನಗರದ ಮೂಲಕವೇ ಹಾಯ್ದಿವೆ. ಮಂಗಳೂರಿಗೆ ಸಮೀಪದ ಕಿನ್ನಿಕಂಬಳದವರಾದ ಕೆ. ಪಿ. ರಾಯರು ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯಲ್ಲಿಯೂ ಅನಂತರ ಟಾಟಾ ಪ್ರೆಸ್ಸಿನಲ್ಲಿಯೂ ದುಡಿದು, ಭಾರತೀಯ ಲಿಪಿಗಳ ಅಕ್ಷರಜೋಡಣೆಯನ್ನು ಗಣಕಕ್ಕೆ ಒಗ್ಗಿಸುವ ಕಾರ್ಯದಲ್ಲಿ ಪಳಗಿದವರು. ಧ್ವನಿಯ ಕ್ರಮವನ್ನು ಅನುಸರಿಸುವ ಅವರ ಕನ್ನಡ ಕೀಲಿಮಣೆಯ ವಿನ್ಯಾಸ ಮುಂದೆ ‘ನುಡಿ’ ತಂತ್ರಾಂಶದ ಮೂಲಕ ಕರ್ನಾಟಕದ ಕಚೇರಿಗಳಲ್ಲೆಲ್ಲ ರೂಢಿಗೆ ಬಂದಿತು. ಅದಕ್ಕಾಗಿ ಅವರು ಯಾರಿಂದಲೂ ಹಣ ಪಡೆಯಲಿಲ್ಲ. ತ್ರೊಂಬೆಯ ಭಾಭಾ ಅಣು ಸಂಶೋಧನ ಕೇಂದ್ರದಲ್ಲಿ ವಿಜ್ಞಾನಿಯಾಗಿದ್ದ ಯು. ಬಿ. ಪವನಜರು 1996ರಲ್ಲಿ ‘ವಿಶ್ವಕನ್ನಡ’ವೆಂಬ ಕನ್ನಡದ ಮೊದಲ ಅಂತರಜಾಲ ಪತ್ರಿಕೆಯನ್ನು ತೆರೆದರು. ಮಾನ್‌ಖುರ್ದಿನ ಲಿನಕ್ಸ್ ಸಭೆಗಳ ನೆಲೆಗೂ ತ್ರೊಂಬೆಗೂ ನಡುವೆ ಅಂತರ ಅತ್ಯಲ್ಪ. ಬಾರ್‌ಕ್ಯಾಂಪಿನ ಹೆಸರು ಹುಟ್ಟುವ ಮೊದಲೇ ಅದರ ಮನೋಧರ್ಮದಿಂದ, ಎಂದರೆ ಕಂಡುಕೊಂಡುದನ್ನು ಹಂಚಿಬಿಡುವ ಹಟದಿಂದ, ಕೆಲಸ ಮಾಡಿದವರು ಇವರು.

ಸಂಬಂಧಿತ ರೂಪಗಳು

ಮೊದಲ ಬಾರ್‌ಕ್ಯಾಂಪಿನ ಸಂಘಟಕರಲ್ಲೊಬ್ಬನಾದ ಮುಲ್ಲೆನ್‌ವೆಗ್ ತನ್ನ ವರ್ಡ್‌ಪ್ರೆಸ್ ತಂತ್ರಾಂಶದ ಬಳಕೆದಾರರಿಗಾಗಿ 2006ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೋದಲ್ಲಿ ವರ್ಡ್‌ಕ್ಯಾಂಪ್ ಮೇಳವನ್ನು ಮೊದಲು ಮಾಡಿದನು. ಮುಂಬಯಿಯಲ್ಲಿ 2014ರಿಂದ ಅದರ ಆವೃತ್ತಿಗಳು ನಡೆದಿವೆ. ಸ್ವಯಂಸೇವಕರೇ ನಡೆಯಿಸಿದರೂ ಅಲ್ಲಿ ಭಾಷಣಕಾರರು ಮುಂಚೆಯೇ ಆಯ್ಕೆಯಾಗುತ್ತಾರೆ, ಪ್ರವೇಶಕ್ಕೆ ಟಿಕೆಟು ಉಂಟು. 2011ರ ನವೆಂಬರ್ 18ರಿಂದ 20ರವರೆಗೆ ಭಾರತದ ವಿಕಿಪೀಡಿಯ ಸಂಪಾದಕರ ಮೊದಲ ರಾಷ್ಟ್ರೀಯ ಸಮ್ಮೇಳನ ನಡೆದುದು ಫೋರ್ಟಿನಲ್ಲಿರುವ ಮುಂಬಯಿ ವಿಶ್ವವಿದ್ಯಾನಿಲಯದ ಘಟಿಕೋತ್ಸವ ಭವನದಲ್ಲಿ. ವಿಕಿಪೀಡಿಯದ ಸಂಸ್ಥಾಪಕರಲ್ಲೊಬ್ಬರಾದ ಜಿಮ್ಮಿ ವೇಲ್ಸ್ ಬಂದಿದ್ದರು. ಗಿಲ್ಬರ್ಟ್ ಸ್ಕಾಟನು ವಿನ್ಯಾಸಗೊಳಿಸಿದ, ಬಣ್ಣದ ಗಾಜಿನ ಕಿಟಕಿಗಳ ಆ ಗಾಥಿಕ್ ಭವನದಲ್ಲಿ, ಪದವೀಧರರಿಗೆ ನಿಲುವಂಗಿ ತೊಡಿಸುವ ವೇದಿಕೆಯೆದುರಿಗೆ, ಪದವಿಯ ಹಂಗಿಲ್ಲದೆ ವಿಶ್ವಕೋಶ ಬರೆಯುವವರು ಕುಳಿತದ್ದು ಒಂದು ಸೊಗಸಾದ ವೈದೃಶ್ಯ.

ಮಾತಿಗಿಂತ ಕೈಕೆಲಸಕ್ಕೆ ಒಲಿದವರ ಕೇಂದ್ರ ಮೇಕರ್ಸ್ ಅಸೈಲಂ. ವೈಭವ ಛಾಬ್ರಾ 2013ರಲ್ಲಿ ಮೊದಲು ಮಾಡಿದ ಈ ಸಾಮುದಾಯಿಕ ಕಾರ್ಯಾಗಾರ, ಬಾಂದ್ರಾ, ಲೋಅರ್ ಪರೇಲ್, ಅಂಧೇರಿಗಳಲ್ಲಿ ನೆಲೆ ಬದಲಿಸುತ್ತ, ಮರಗೆಲಸದಿಂದ ಹಿಡಿದು ಮೂರು ಆಯಾಮದ ಮುದ್ರಣದವರೆಗಿನ ಉಪಕರಣಗಳನ್ನು ಹಂಚಿಕೊಂಡು ಬಳಸುವವರಿಗೆ ತಾಣವಾಯಿತು. 2020ರಲ್ಲಿ ಕೋವಿಡ್ ಹಬ್ಬಿದಾಗ ಇಲ್ಲಿ ರೂಪುಗೊಂಡ ಮುಖರಕ್ಷೆಯ ವಿನ್ಯಾಸವನ್ನು ಬೇರೆಬೇರೆ ಊರುಗಳ ಹವ್ಯಾಸಿಗಳಿಗೆ ಹಂಚಿ, ಹತ್ತು ಲಕ್ಷದಷ್ಟು ಮುಖರಕ್ಷೆಗಳನ್ನು ತಯಾರಿಸಲಾಯಿತು. ಅನಂತರ ಈ ಕಾರ್ಯಾಗಾರ ಗೋವೆಗೆ ಹೋಯಿತು.

ಇತ್ತೀಚಿನ ಸ್ಥಿತಿ

ಬಾರ್‌ಕ್ಯಾಂಪ್ ಎಂಬ ಹೆಸರು ಮುಂಬಯಿಯಲ್ಲಿ ಈಗ ಹೆಚ್ಚಾಗಿ ಕೇಳಬರುವುದಿಲ್ಲ. ಪೈಥಾನ್ ಭಾಷೆಯವರು, ಗಣಕ ಸುರಕ್ಷತೆಯವರು, ದತ್ತಾಂಶ ವಿಶ್ಲೇಷಕರು, ಕೃತಕ ಬುದ್ಧಿಮತ್ತೆಯವರು ತಮ್ಮತಮ್ಮ ಮಾಸಿಕ ಕೂಟಗಳನ್ನು ನಡೆಯಿಸುತ್ತಾರೆ. 2020ರಲ್ಲಿ ರೂಪುಗೊಂಡ ಫಾಸ್ ಯುನೈಟೆಡ್ ಪ್ರತಿಷ್ಠಾನ ಮುಕ್ತ ತಂತ್ರಾಂಶದ ಆಸಕ್ತರನ್ನು ನಗರನಗರಗಳಲ್ಲಿ ಕೂಡಿಸುತ್ತಿದ್ದು, ಮುಂಬಯಿಯಲ್ಲಿಯೂ ಅದರ ಬಳಗವಿದೆ. ಇಆರ್‌ಪಿ-ನೆಕ್ಸ್ಟ್ ಎಂಬ ಮುಕ್ತ ವ್ಯವಹಾರ ತಂತ್ರಾಂಶವನ್ನು ತಯಾರಿಸಿ ಲೋಕಕ್ಕೆಲ್ಲ ಬಿಟ್ಟುಕೊಟ್ಟ ಫ್ರಾಪೆ ಕಂಪನಿ ಮುಂಬಯಿಯದೇ ಆಗಿದ್ದು, ಆ ಪ್ರತಿಷ್ಠಾನದ ಬೆನ್ನಿಗೆ ನಿಂತಿರುವವುಗಳಲ್ಲಿ ಒಂದಾಗಿರುವುದು ಈ ನಗರದ ಬಳಗಕ್ಕೆ ಸಂದ ಅನುಕೂಲ. ಈ ಹೊಸ ಕೂಟಗಳಲ್ಲಿ ಮಾತಿನ ವಿಷಯವನ್ನು ವಾರಗಳ ಮುಂಚೆಯೇ ಬರೆದು ಕಳುಹಿಸಬೇಕು. ಸ್ವಯಂಸೇವಕರು ಅವುಗಳನ್ನು ಓದಿ ಆರಿಸುತ್ತಾರೆ. ಕೊರೋನಾ ಕಾಲದ ಎರಡು ವರ್ಷ ಪರದೆಯ ಮೇಲೆ ಕೂಡಿದವರಿಗೆ ಖಾಲಿ ಹಲಗೆಯ ಅನಿಶ್ಚಯಕ್ಕಿಂತ ಗೊತ್ತಾದ ವೇಳಾಪಟ್ಟಿಯೇ ಹಿತವಾಗಿರುವಂತೆ ಕಾಣುತ್ತದೆ. ದೂರದಿಂದ ರೈಲು ಹತ್ತಿ ಬರುವವನಿಗೆ ತನಗೆ ಬೇಕಾದ ವಿಷಯ ಎಷ್ಟು ಗಂಟೆಗೆಂದು ಮೊದಲೇ ತಿಳಿದಿರುವುದು ಒಂದು ಉಪಕಾರವೇ ಸರಿ. ಆದರೂ ಸಂಜೆಯ ಕೊನೆಯ ಒಂದು ಅವಧಿಯನ್ನು ಐದೈದು ನಿಮಿಷಗಳ ಕಿರುಭಾಷಣಗಳಿಗೆ ಬಿಟ್ಟು, ಇಚ್ಛೆಯುಳ್ಳವರ ಹೆಸರುಗಳನ್ನು ಅಲ್ಲಿಯೇ ಬರೆದುಕೊಳ್ಳುವ ಪದ್ಧತಿಯನ್ನು ಹಲವು ಕೂಟಗಳು ಉಳಿಸಿಕೊಂಡಿವೆ.